ಅಕ್ಕನ ಮಣ್ಣಿಗೆ

“ಎಷ್ಟು ಮೀನು ಬಿಡ್ತೀರಾ ಸಾರ್?” ಎಂದು ಗಾಜಿನಂಗಡಿಯವರು ಕೇಳಿದರು. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡೂವರೆ ಅಡಿ ಎತ್ತರ ಎಂದು ನಾನು ಬರೆದುಕೊಂಡು ಹೋಗಿದ್ದ ಚೀಟಿ ಅವರ ಕೈಯಲ್ಲಿತ್ತು.

“ಮೀನಿಗಲ್ಲ. ಮಣ್ಣು ಹಾಕೋಕೆ.”

“ಮಣ್ಣಿಗೆ ಯಾಕೆ ಸಾರ್ ಗಾಜು? ಹಳೇ ಪೇಂಟ್ ಡಬ್ಬ ಸಾಕಲ್ವಾ?”

ಅವರು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಅಕ್ಕ ಜೀವಮಾನವಿಡೀ ಗಿಡ ಬೆಳೆಸಿದ್ದು ಹಳೇ ಪೇಂಟ್ ಡಬ್ಬಗಳಲ್ಲೇ. ಈಗ ಗಾಜು ಬೇಕಾಗಿದ್ದುದೂ ಅವಳಿಗಾಗಿಯೇ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅನುಗೊಂಡನಹಳ್ಳಿ ಹತ್ತಿರದ ಒಂದು ಊರಿಗೆ ಮದುವೆಯಾಗಿ ಹೋದವಳು, ಭಾವ ತೀರಿಕೊಂಡ ಮೇಲೂ ಅಲ್ಲೇ ಉಳಿದಳು. ಮಕ್ಕಳಿರಲಿಲ್ಲ. ಒಂದು ಮನೆ, ಕೂಗಳತೆಯಲ್ಲಿ ಒಂದು ತುಂಡು ಹೊಲ, ರಸ್ತೆ ಬದಿಯ ನರ್ಸರಿಯಲ್ಲಿ ಕೆಲಸ. ಮಾವಿಗೂ ಸಪೋಟಕ್ಕೂ ಕಸಿ ಕಟ್ಟುವುದರಲ್ಲಿ ಅವಳ ಕೈ ಪಳಗಿತ್ತು. ಅವಳ ಉಗುರಿನ ಅಂಚಿನಲ್ಲಿ ಯಾವಾಗಲೂ ಕೆಮ್ಮಣ್ಣಿನ ಒಂದು ಗೆರೆ ಇರುತ್ತಿತ್ತು. ರಕ್ತದ ಕಾಯಿಲೆ ಪತ್ತೆಯಾಗಿ, ಬೆಂಗಳೂರಿನ ಆಸ್ಪತ್ರೆಗೆ ಹೋಗಿಬರಲು ಅನುಕೂಲವಾಗಲಿ ಎಂದು ಹೊಸಕೋಟೆಯ ನಮ್ಮ ಮನೆಗೆ ಬಂದು ಮೂರು ತಿಂಗಳಾಗುವ ಹೊತ್ತಿಗೆ ಆ ಗೆರೆ ಅಳಿಸಿಹೋಯಿತು. ಒಂದು ದಿನ ಕೈ ಚಾಚಿ ನೋಡಿಕೊಂಡು, “ಯಾರೋ ಆಫೀಸರಮ್ಮನ ಕೈ ಆದಂಗಾಯ್ತು” ಎಂದಳು.

ಚಿಕಿತ್ಸೆಯಿಂದ ಅವಳ ಮೈಯಲ್ಲಿ ರೋಗ ತಡೆಯುವ ಶಕ್ತಿ ಬಹುತೇಕ ಹೋಗಿತ್ತು. ವೈದ್ಯೆ ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದುಕೊಟ್ಟರು. ಹಸಿ ತರಕಾರಿ ಬೇಡ. ಹೂವು ಬೇಡ. ಮನೆಯೊಳಗೆ ಕುಂಡ ಬೇಡ. ಮಣ್ಣು ಮುಟ್ಟಲೇಬಾರದು. ಮಣ್ಣಿನಲ್ಲಿರುವ ಬೂಷ್ಟು ನಮಗೆ ಏನೂ ಮಾಡುವುದಿಲ್ಲ, ಇವರಿಗೆ ಮಾಡುತ್ತದೆ ಎಂದರು. ಕೊನೆಯ ನಿಯಮದ ಕೆಳಗೆ ಎರಡು ಗೆರೆ ಎಳೆದಿದ್ದರು.

ನಾನು ಪತ್ರಿಕೆಯೊಂದರ ಜಿಲ್ಲಾ ಪುಟ ನೋಡಿಕೊಳ್ಳುವವನು. ತಾಲ್ಲೂಕುಗಳಿಂದ ಬರುವ ವರದಿಗಳನ್ನು ಓದಿ, ಅನುಮಾನ ಬಂದದ್ದನ್ನು ಫೋನ್ ಮಾಡಿ ಕೇಳಿ, ತಿದ್ದಿ ಪುಟಕ್ಕೆ ಹಾಕುವುದು ನನ್ನ ಕೆಲಸ. ಸಾವಿನ ಸುದ್ದಿಯನ್ನು ಇಬ್ಬರಿಂದ ಕೇಳಿ ಖಚಿತ ಮಾಡಿಕೊಳ್ಳದೆ ಹಾಕಬಾರದು ಎಂಬುದು ಕೆಲಸಕ್ಕೆ ಸೇರಿದ ವಾರದಲ್ಲೇ ಕಲಿತ ನಿಯಮ. ನಿಯಮ ಇರುವುದು ಪಾಲಿಸುವುದಕ್ಕೆ ಎಂದು ನಂಬಿದವನು. ವೈದ್ಯೆಯ ಹಾಳೆಯನ್ನೂ ಹಾಗೆಯೇ ನಂಬಿದೆ. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನನ್ನ ಹೆಂಡತಿ ಬಾಲ್ಕನಿಯ ತುಳಸಿಯನ್ನೂ ಕರಿಬೇವನ್ನೂ ಪಕ್ಕದ ಮನೆಗೆ ಸಾಗಿಸಿದಳು.

ಅಕ್ಕ ನಡುಮನೆಯ ಸೋಫಾದಲ್ಲಿ ಕೂತಿರುತ್ತಿದ್ದಳು. ಕಿಟಕಿಯಿಂದ ಕಾಣುತ್ತಿದ್ದುದು ಪಕ್ಕದ ಕಟ್ಟಡದ ಗಿಲಾವು ಮಾಡದ ಗೋಡೆ. “ಈ ಗೋಡೆ ಮ್ಯಾಗೆ ಎಷ್ಟು ಇಟ್ಟಿಗೆ ಅವೆ ಅಂತ ಕೇಳು, ಹೇಳ್ತೀನಿ” ಎಂದಳು ಒಂದು ದಿನ. ನಗುತ್ತಲೇ ಹೇಳಿದಳು. ಆಮೇಲೆ, “ಒಂದೇ ಒಂದು ಸಲ ಮಣ್ಣಾಗೆ ಕೈ ಇಟ್ರೆ ಸಾಕು ಕಣೋ. ಇನ್ನೇನೂ ಬ್ಯಾಡ” ಎಂದಳು.

ಮುಚ್ಚಿದ ಗಾಜಿನ ಪೆಟ್ಟಿಗೆಯೊಳಗೆ ತೋಟ ಮಾಡುವುದನ್ನು ನಾನು ಫೋನಿನಲ್ಲಿ ನೋಡಿದ್ದೆ. ಟೆರೇರಿಯಂ ಎನ್ನುತ್ತಾರೆ. ಒಳಗಿನ ನೀರೇ ಆವಿಯಾಗಿ, ಹನಿಯಾಗಿ, ಮತ್ತೆ ಮಣ್ಣಿಗಿಳಿಯುತ್ತದೆ. ಮುಟ್ಟಬೇಕಾಗಿಲ್ಲ. ವೈದ್ಯೆಯನ್ನು ಕೇಳಿದೆ. “ಪೂರ್ತಿ ಸೀಲ್ ಆಗಿದ್ರೆ ತೊಂದರೆ ಇಲ್ಲ. ಅವರು ಮಾತ್ರ ಕೈ ಹಾಕಬಾರದು” ಎಂದರು. ಅಕ್ಕನಿಗೆ ಹೇಳಿದೆ. ಅವಳು ಮೊದಲ ಅರ್ಧವನ್ನಷ್ಟೇ ಕೇಳಿಸಿಕೊಂಡಳು.

“ದೊಡ್ಡದಾಗಿ ಮಾಡು. ಬಾಟ್ಲಿ ಗೀಟ್ಲಿಯೊಳಗೆ ಮಾಡಿ ತಂದು ಮುಂದಿಡಬ್ಯಾಡ” ಎಂದಳು.

ಗಾಜಿನಂಗಡಿಯವರಿಗೆ ಇಷ್ಟನ್ನೂ ಹೇಳಲಿಲ್ಲ. ಮಣ್ಣಿನ ಭಾರಕ್ಕೆ ತೆಳು ಗಾಜು ತಡೆಯುವುದಿಲ್ಲ, ಎಂಟು ಮಿಲಿಮೀಟರ್ ದಪ್ಪದ್ದಾದರೂ ಬೇಕು ಎಂದು ಅವರೇ ಹೇಳಿ, ಅಂಗಡಿಯ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಗೋಡೆಗೆ ಒರಗಿಸಿದ್ದ ಗಾಜುಗಳ ಸಾಲಿತ್ತು. ಕೊರೊನಾ ಕಾಲದಲ್ಲಿ ಕಚೇರಿಗಳ ಕೌಂಟರುಗಳಿಗೆ ಹಾಕಿಸಿ, ಆಮೇಲೆ ಬಿಚ್ಚಿ ಕೊಟ್ಟವು. “ಒಳ್ಳೇ ಮಾಲು ಸಾರ್. ಒಬ್ಬರ ಉಸಿರು ಒಬ್ಬರಿಗೆ ತಾಗಬಾರದು ಅಂತ ಹಾಕಿದ್ದು. ಈಗ ಯಾರಿಗೂ ಬೇಡ” ಎಂದರು. ನಾಲ್ಕಡಿ ಉದ್ದದ್ದು ಸಿಕ್ಕಿದ್ದು ಎರಡೇ. ಒಂದು ಸರಿಯಾಗಿತ್ತು. ಇನ್ನೊಂದರ ಕೆಳ ಅಂಚಿನಲ್ಲಿ, ಕಾಗದಪತ್ರ ತೂರಿಸಲು ಕೊರೆದ ಅರ್ಧಚಂದ್ರಾಕಾರದ ಕಿಂಡಿಯಿತ್ತು. ಕೈ ಹೋಗುವಷ್ಟು ದೊಡ್ಡದು.

“ತಲೆಕೆಳಗು ಮಾಡಿ ಕೂರಿಸಿದ್ರೆ ಕಿಂಡಿ ಮೇಲಕ್ಕೆ ಬರ್ತದೆ. ಪ್ಯಾಚ್ ಹಾಕ್ಕೊಡ್ತೀನಿ, ಗಾಳಿ ಕೂಡ ನುಗ್ಗಲ್ಲ” ಎಂದರು ಅವರು.

ನಾನು ಫೋನಿನಲ್ಲಿ ಚಿತ್ರ ತೆಗೆದು ಅಕ್ಕನಿಗೆ ಕಳಿಸಿದೆ. ಅವಳು ತಕ್ಷಣ ಫೋನ್ ಮಾಡಿದಳು. “ನೋಡು, ಕೈ ತೂರ್ಸಾಕೆ ಅವ್ರೇ ಕಿಂಡಿ ಇಟ್ಟವ್ರೆ. ಅದನ್ನ ಮುಚ್ಚಬ್ಯಾಡ. ಒಂದು ಬಟ್ಟೆ ಉಂಡೆ ತುರುಕಿದ್ರಾಯ್ತು.”

“ಸೀಲ್ ಆಗಿರಬೇಕು ಅಂತ ಹೇಳಿದ್ದಾರೆ ಅಕ್ಕ.”

“ಅವ್ರು ಹೇಳ್ತಾರೆ. ಅವ್ರಿಗೇನು, ಓದ್ಕೊಂಡವ್ರು.”

ನಾನು ಪ್ಯಾಚ್ ಹಾಕಿಸಿದೆ. ಗಾಜಿನ ಒಂದು ತುಂಡನ್ನು ಕಿಂಡಿಯ ಮೇಲೆ ಇಟ್ಟು, ಸುತ್ತ ಸಿಲಿಕಾನ್ ಅಂಟು ಎಳೆದು ಕೊಟ್ಟರು. ಒಣಗಿದ ಮೇಲೂ ಅರ್ಧಚಂದ್ರದ ಗೆರೆ ಕಾಣುತ್ತಿತ್ತು. ಈಗಲೂ ಕಾಣುತ್ತದೆ.

ಪೆಟ್ಟಿಗೆ ಮನೆಗೆ ಬಂದ ಮೇಲೆ ಅಕ್ಕ ಮೇಸ್ತ್ರಿಯಾದಳು. ಸೋಫಾದಿಂದ ಏಳದೆಯೇ ನನ್ನನ್ನು ಹೊಸಕೋಟೆಯ ಬೀದಿಬೀದಿ ಅಲೆಸಿದಳು. ತಳಕ್ಕೆ ಜಲ್ಲಿ ಬೇಕು, ನೀರು ನಿಲ್ಲಲು. ಮನೆ ಕಟ್ಟುವಲ್ಲಿಂದ ಒಂದು ಬಕೆಟ್ ತಂದರೆ, “ಇದು ರಸ್ತೆಗೆ ಹಾಕೋದು, ಬೇರಿಗೆ ಚುಚ್ತದೆ” ಎಂದು ವಾಪಸ್ ಕಳಿಸಿದಳು. ಅವಳಿಗೆ ಬೇಕಾಗಿದ್ದುದು ಕಡಲೆಕಾಳಿನಷ್ಟು ದಪ್ಪದ್ದು. ಅದು ಸಿಕ್ಕಿತು. ಅದರ ಮೇಲೆ ಇದ್ದಿಲು, ವಾಸನೆ ಕಟ್ಟದಂತೆ. ನಾನು ಅಂಗಡಿಯಿಂದ ಪೊಟ್ಟಣದ ಇದ್ದಿಲು ತರುವವನಿದ್ದೆ. “ಅದ್ಕೆ ಎಣ್ಣೆ ಬಳಿದಿರ್ತಾರೆ. ಇಸ್ತ್ರಿ ಅಂಗಡಿಗೋಗಿ ಕೇಳು. ಆರಿದ್ದು ಬ್ಯಾಡ, ಉರಿಸದೇ ಇರೋದು” ಎಂದಳು. ಇಸ್ತ್ರಿಯವರು ಒಂದು ಚೀಲದ ತಳ ಜಾಡಿಸಿ ಕೊಟ್ಟರು. ಇದ್ದಿಲ ಮೇಲೆ ಮಣ್ಣು ಕೆಳಗಿಳಿಯದಂತೆ ಸೊಳ್ಳೆ ಜಾಲರಿ. ನಮ್ಮ ಕಿಟಕಿಯ ಹಳೆಯದನ್ನು ಬಿಚ್ಚಲು ಹೋದೆ. ಹೆಂಡತಿ ಬಿಡಲಿಲ್ಲ.

“ಗಿಡಕ್ಕೆ ಸೊಳ್ಳೆ ಕಡಿಯುತ್ತಾ? ನಮಗೆ ಕಡಿಯುತ್ತೆ. ಹೊಸದು ತನ್ನಿ” ಎಂದಳು.

ಇವೆಲ್ಲ ಅಕ್ಕ ಕಣ್ಣಿನಲ್ಲೇ ನೋಡಿ ಆರಿಸಬಹುದಾಗಿದ್ದವು. ಮಣ್ಣನ್ನು ಹಾಗೆ ಆರಿಸಲು ಬರುವುದಿಲ್ಲ. ಮಣ್ಣನ್ನು ಅವಳು ಯಾವತ್ತೂ ಕೈಯಿಂದಲೇ ಆರಿಸಿದವಳು. ಒಂದು ಹಿಡಿ ತೆಗೆದುಕೊಂಡು, ತುಸು ನೀರು ಚಿಮುಕಿಸಿ, ಮುಷ್ಟಿ ಬಿಗಿದು ಉಂಡೆ ಮಾಡುವುದು. ಉಂಡೆಯಾಗದಿದ್ದರೆ ಮರಳು ಹೆಚ್ಚು. ಉಂಡೆಯಾದ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತುವುದು. ಬರೀ ತಗ್ಗು ಬಿದ್ದರೆ ಜೇಡಿ. ಉದುರಿದರೆ ಒಳ್ಳೆಯ ಮಣ್ಣು. ಈಗ ಆ ಕೆಲಸ ನಾನು ಮಾಡಬೇಕಾಯಿತು. ನಾನು ಮಣ್ಣಿದ್ದಲ್ಲಿಗೆ ಹೋಗುವುದು, ಫೋನ್ ಹಚ್ಚಿ ಹೇಳುವುದು, ಅವಳು ಸೋಫಾದಲ್ಲಿ ಕೂತು ತೀರ್ಪು ಕೊಡುವುದು.

ಮೊದಲು ಕೆರೆಯ ಗೋಡು. ಕೆರೆ ಅಂಗಳದ ಒಣಗಿದ ಕಪ್ಪು ಮಣ್ಣು, ನಮ್ಮ ಕಡೆ ಹೊಲಕ್ಕೆ ಹೊಡೆಸುತ್ತಾರೆ. ಉಂಡೆ ಮಾಡಿದೆ. ಒತ್ತಿದೆ.

“ಉದುರ್ತಾ?”

“ಇಲ್ಲ. ತಗ್ಗು ಬಿತ್ತು.”

“ನಿನ್ನ ಹೆಬ್ಬೆಟ್ಟಿನ ಗುರುತು ಬಿದ್ದಿರ್ತದೆ. ಮಡಿಕ್ಕೋ, ರಿಜಿಸ್ಟ್ರಾರ್ ಆಫೀಸಿಗೆ ಆಯ್ತದೆ. ಬ್ಯಾಡ, ಬಾ.”

ಆಮೇಲೆ ಅವಳು ಕೆಲಸ ಮಾಡುತ್ತಿದ್ದ ನರ್ಸರಿಯ ಕೆಮ್ಮಣ್ಣು. ಉಂಡೆಯೇ ಆಗಲಿಲ್ಲ. “ಎಂ-ಸ್ಯಾಂಡ್ ಬೆರೆಸ್ತಾವ್ರೆ ಈಗ” ಎಂದು ಬೇಜಾರು ಮಾಡಿಕೊಂಡಳು. ಅಲ್ಲಿದ್ದಾಗ ಅವಳು ಬೆರೆಸಲು ಬಿಡುತ್ತಿರಲಿಲ್ಲವಂತೆ.

“ನಮ್ಮ ಹೊಲಕ್ಕೆ ಹೋಗು. ಮೂಲೇಲಿ ಹೊಂಗೆ ಮರ ಐತಲ್ಲ, ಅದರ ಬುಡದಾಗೆ ವರ್ಸಗಟ್ಲೆ ಎಲೆ ಉದುರಿ ಕೊಳೆತೈತೆ. ಮ್ಯಾಲಿನ ಕಸ ಸರಿಸಿ ಮೊಣಕಾಲುದ್ದ ಅಗಿ. ಅಲ್ಲಿ ಸಿಗದಿದ್ರೆ ಎಲ್ಲೂ ಸಿಗಾಕಿಲ್ಲ.”

ಆ ಹೊಂಗೆ ಮರದಿಂದ ಹತ್ತು ಹೆಜ್ಜೆಯ ಆಚೆ ಭಾವನನ್ನು ಹೂಳಲಾಗಿದೆ. ನಮ್ಮವರಲ್ಲಿ ಹೊಲದಲ್ಲೇ ಹೂಳುವ ರೂಢಿ. ನಾನು ಮರುದಿನ ಬೆಳಿಗ್ಗೆ ಗುದ್ದಲಿ, ಎರಡು ಗೋಣಿಚೀಲ ಕಟ್ಟಿಕೊಂಡು ಬೈಕಿನಲ್ಲಿ ಹೋದೆ. ಅರ್ಧ ಅಗೆದಿದ್ದಾಗ ಫೋನ್ ಬಂತು. ನಮ್ಮ ಸೋದರಮಾವ. ಘಾಟಿ ಸುಬ್ರಹ್ಮಣ್ಯದ ಹತ್ತಿರ ಇರುತ್ತಾರೆ, ಎಪ್ಪತ್ತು ದಾಟಿದ್ದಾರೆ, ವಾರಕ್ಕೊಮ್ಮೆ ಅಕ್ಕನ ಆರೋಗ್ಯ ವಿಚಾರಿಸುತ್ತಿದ್ದರು. ನನ್ನ ಕೈಯೆಲ್ಲ ಮಣ್ಣಾಗಿತ್ತು.

“ಎಲ್ಲಿದ್ದೀಯಪ್ಪಾ?”

“ಅಕ್ಕನ ಮಣ್ಣಿಗೆ ಬಂದಿದ್ದೀನಿ ಮಾವ, ಹೊಲದ ಹತ್ರ. ಅಗೆಯೋದು ಇನ್ನೂ ಮುಗಿದಿಲ್ಲ. ಆಮೇಲೆ ಮಾಡ್ತೀನಿ.”

ಫೋನನ್ನು ಬೈಕಿನ ಪೆಟ್ಟಿಗೆಯಲ್ಲಿ ಹಾಕಿದೆ.

ನಮ್ಮ ಕಡೆ ಯಾರದ್ದಾದರೂ ಮಣ್ಣಿಗೆ ಹೋಗುವುದೆಂದರೆ ಅವರನ್ನು ಹೂಳಲು ಹೋಗುವುದು. ಗೊತ್ತಿಲ್ಲದವನಲ್ಲ ನಾನು. ತಾಲ್ಲೂಕು ವರದಿಗಾರರು ‘ಮಣ್ಣಿಗೆ ಗಣ್ಯರು ಬಂದಿದ್ದರು’ ಎಂದು ಬರೆದು ಕಳಿಸಿದಾಗಲೆಲ್ಲ ಹೊಡೆದುಹಾಕಿ ‘ಅಂತ್ಯಕ್ರಿಯೆ’ ಎಂದು ತಿದ್ದಿದವನು. ಎಷ್ಟು ಸಲ ತಿದ್ದಿದ್ದೇನೋ ಲೆಕ್ಕವಿಲ್ಲ. ಆ ದಿನ ನನ್ನ ತಲೆಯಲ್ಲಿ ಇದ್ದುದು ಉಂಡೆ ಮತ್ತು ಹೆಬ್ಬೆರಳು ಮಾತ್ರ.

ಹೊಂಗೆ ಬುಡದ ಮಣ್ಣು ಉಂಡೆಯಾಯಿತು. ಒತ್ತಿದೆ, ಉದುರಿತು. ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

“ಹೆಂಗೆ ಉದುರ್ತು? ಹೇಳು.”

“ಹೆಂಗೆ ಅಂದ್ರೆ? ಉದುರ್ತು.”

“ಪೇಪರ್‌ನವನು ನೀನು, ಅಷ್ಟು ಹೇಳಾಕೆ ಬರಾಕಿಲ್ವಾ? ಕಲ್ಲಿನಂಗೆ ಬಿತ್ತಾ, ಅವಲಕ್ಕಿಯಂಗೆ ಬಿತ್ತಾ?”

“ಬೂರೆ ಸಕ್ಕರೆ ಇದ್ದಂಗೆ.”

“ತುಂಬ್ಕೊಂಡು ಬಾ” ಎಂದಳು.

ಎರಡು ಚೀಲ ತುಂಬಿಕೊಂಡು ಮಧ್ಯಾಹ್ನದೊಳಗೆ ಮನೆ ಸೇರಿದೆ. ಆ ಹೊತ್ತಿಗೆ ಮಾವ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಎಂದು ಬಸ್ಸು ಬದಲಿಸುತ್ತ ಅಕ್ಕನ ಹೊಲಕ್ಕೆ ಹೊರಟಿದ್ದರು. ಹೊಲ ಸೇರಿದಾಗ ಅಲ್ಲಿ ಯಾರೂ ಇರಲಿಲ್ಲ. ಭಾವನ ಸಮಾಧಿಗೆ ಹತ್ತಿರದಲ್ಲೇ ಹೊಸದಾಗಿ ಅಗೆದ ಗುಂಡಿಯಿತ್ತು. ದೇಹ ಇನ್ನೂ ಬಂದಿಲ್ಲ ಎಂದುಕೊಂಡು ಅವರು ಹೊಂಗೆ ನೆರಳಿನಲ್ಲಿ, ತಂದಿದ್ದ ಹಾರ ಇಟ್ಟುಕೊಂಡು ಕೂತರು. ಗುಂಡಿ ಚಿಕ್ಕದಾಯಿತು ಎನ್ನಿಸಿತಂತೆ, ಆಮೇಲೆ ಹೇಳಿದರು. ಕಾಯಿಲೆಯಲ್ಲಿ ಇಳಿದುಹೋಗಿರಬೇಕು ಎಂದು ತಮಗೆ ತಾವೇ ಹೇಳಿಕೊಂಡರಂತೆ. ಒಂದು ಗಂಟೆ ಕಾದು ನನಗೆ ಫೋನ್ ಮಾಡಿದರು. ನಾನು ಮನೆಯ ಹಿಂದೆ ಜರಡಿ ಹಿಡಿದು ಕೂತಿದ್ದೆ.

“ಎಷ್ಟೊತ್ತಿಗೆ ತರ್ತೀರಪ್ಪಾ?”

“ಆಗಲೇ ತಂದಾಯ್ತು ಮಾವ. ಮನೇಲೇ ಇದೆ. ಇನ್ನು ಹುರೀಬೇಕು.”

ಮಾವ ಸಣ್ಣ ದನಿಯಲ್ಲಿ, “ಏನು ಹುರೀಬೇಕೋ?” ಎಂದರು.

“ಮಣ್ಣು.”

ತಪ್ಪು ನನಗೆ ಅರ್ಥವಾದದ್ದು ಆಗ. ಕೈ ತೊಳೆದು, ಫೋನನ್ನು ಒರೆಸಿ, ಒಳಗೆ ಹೋಗಿ ಅಕ್ಕನ ಕಿವಿಗೆ ಹಿಡಿದೆ. ಅವಳು ವಿಷಯ ತಿಳಿದು, “ಮಾವ, ನಾನಿನ್ನೂ ಇವ್ನಿ. ಗುಂಡಿ ಮುಚ್ಚಿ ಬಾ, ಯಾರಾದ್ರೂ ಬಿದ್ದಾರು” ಎಂದಳು. ಆಮೇಲೆ ಕೆಮ್ಮು ಬರುವವರೆಗೂ ನಕ್ಕಳು.

ಸಂಜೆ ಮಾವ ಆಟೋದಲ್ಲಿ ಬಂದರು. ಮನೆಯೊಳಗೆ ಹೂವು ಬರುವಂತಿಲ್ಲ, ಹಾರವನ್ನು ಗೇಟಿನ ಹೊರಗೆ ನನ್ನ ಬೈಕಿನ ಹ್ಯಾಂಡಲಿಗೆ ಹಾಕಿ ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಕವರೊಂದಿತ್ತು. ಅಕ್ಕ ಅದನ್ನೇ ನೋಡಿದಳು. ಹೆಣ್ಣುಮಗಳು ಹೋದರೆ ತವರಿನ ಸೀರೆ ಹೊದಿಸಬೇಕು. ಪೇಟೆಯಲ್ಲಿರುವ ಅವಳ ತಮ್ಮನಿಗೆ ಇದೆಲ್ಲ ಹೊಳೆದಿರುವುದಿಲ್ಲ ಎಂದು ಮಾವ ದಾರಿಯಲ್ಲಿ ಕೊಂಡು ತಂದಿದ್ದರು.

“ಕೊಡು ಇಲ್ಲಿ” ಎಂದಳು.

“ಬ್ಯಾಡ ಬಿಡಮ್ಮಾ, ವಾಪಸ್ ಕೊಡ್ತೀನಿ.”

“ಕೊಡು ಮಾವ.” ಬಿಚ್ಚಿ ನೋಡಿದಳು. ತಿಳಿಹಸಿರು, ಸಣ್ಣ ಅಂಚು. “ಬಣ್ಣ ಚೆನ್ನಾಗೈತೆ. ಫಾಲೇ ಹಾಕ್ಸಿಲ್ವಲ್ಲ?”

“ಅದಕ್ಕೆ ಯಾರಮ್ಮ ಫಾಲ್ ಹಾಕಿಸ್ತಾರೆ?” ಎಂದು ಮಾವ ಹೇಳಿ, ಹೇಳಿದ್ದಕ್ಕೆ ಟವೆಲು ಬಾಯಿಗೆ ಒತ್ತಿಕೊಂಡರು. ಅಕ್ಕ ನನ್ನ ಹೆಂಡತಿಯನ್ನು ಕರೆದು, ಬಿಸಿನೀರಿನಲ್ಲಿ ಒಗೆದು ಫಾಲ್ ಹಾಕಿಸಿಕೊಡಲು ಹೇಳಿದಳು.

ಮಣ್ಣನ್ನು ಹುರಿಯುವುದು ನನ್ನದೇ ತೀರ್ಮಾನ. ವೈದ್ಯೆ ಹೇಳಿರಲಿಲ್ಲ. ಪೆಟ್ಟಿಗೆ ಎಲ್ಲಾದರೂ ಸೀಳಿದರೆ, ಮುಚ್ಚಳ ಯಾರಾದರೂ ತೆಗೆದರೆ ಎಂದು ಯೋಚಿಸಿದೆ. ಹಿತ್ತಲಲ್ಲಿ ಮೂರು ಇಟ್ಟಿಗೆ ಇಟ್ಟು, ಹಳೆಯ ಕಬ್ಬಿಣದ ಬಾಣಲೆಯಲ್ಲಿ ಎರಡೂ ಚೀಲ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಬೆ ನಿಲ್ಲುವವರೆಗೆ ಹುರಿದೆ. ಕಿಟಕಿ ಮುಚ್ಚಿದ್ದರೂ ಅಕ್ಕನಿಗೆ ವಾಸನೆ ಹೋಯಿತು. ನಾನು ಕೈ ತೊಳೆದು ಒಳಗೆ ಬಂದಾಗ ಗೋಡೆಯ ಕಡೆ ತಿರುಗಿ ಕೂತಿದ್ದಳು.

“ಅದರೊಳಗೆ ಇದ್ದೋರೆಲ್ಲ ಹೋದ್ರು” ಎಂದಳು. ಎರೆಹುಳ, ಇರುವೆ, ಕಣ್ಣಿಗೆ ಕಾಣದ್ದು ಎಲ್ಲವೂ ಅವಳಿಗೆ ‘ಇದ್ದೋರು’. “ಒಂದು ಹಿಡಿ ಹಸೀದು ಮಡಿಗಿದ್ದೀಯಾ?”

“ಇಲ್ಲ.”

“ಒಂದು ಹಿಡೀನೂ?”

“ಇಲ್ಲ ಅಕ್ಕ.”

ಮಣ್ಣು ತಣ್ಣಗಾದ ಮೇಲೆ ತೆಂಗಿನ ನಾರಿನ ಪುಡಿ ಬೆರೆಸಿ ಪೆಟ್ಟಿಗೆಗೆ ತುಂಬಿದೆ. ಗಿಡಗಳನ್ನು ಅವಳ ಊರಿನ ಕಲ್ಲುಬಾವಿಯಿಂದ ತಂದಿದ್ದೆ. ಬಾವಿಯ ಗೋಡೆಯ ಸಂದುಗಳಲ್ಲಿ ಬೆಳೆದ ಜರೀಗಿಡ, ಮೆಟ್ಟಿಲ ಮೇಲಿನ ಹಾವಸೆ. ನೆಡುವ ದಿನ ಅಕ್ಕ ಹಸಿರು ಸೀರೆ ಉಟ್ಟಳು. ಮುಖಕ್ಕೆ ಮಾಸ್ಕ್, ಕೈಗೆ ಆಸ್ಪತ್ರೆಯ ಗ್ಲೌಸ್. ನಾನು ಮುಚ್ಚಳ ತೆರೆದು ಒಳಗೆ ಕೈ ಹಾಕಿದೆ, ಅವಳು ಎರಡು ಮಾರು ದೂರದ ಕುರ್ಚಿಯಲ್ಲಿ ಕೂತು ಹೇಳಿದಳು. ಬೇರನ್ನು ಮಡಿಸಬೇಡ. ಎಡಕ್ಕೆ. ಅದು ಬೆನ್ನು ತಿರುಗಿಸಿ ನಿಂತಿದೆ, ಮುಖ ಈ ಕಡೆ ಮಾಡು. ಹಾವಸೆಯನ್ನು ಒತ್ತು, ಇನ್ನೂ ಒತ್ತು, ರೊಟ್ಟಿ ತಟ್ಟಿದ ಹಾಗೆ.

ಎಲ್ಲ ಮುಗಿದು ನಾನು ಮುಚ್ಚಳ ಎತ್ತಿಕೊಂಡಾಗ ಅವಳು ಎದ್ದು ಬಂದು ಪೆಟ್ಟಿಗೆಯ ಪಕ್ಕ ನಿಂತಿದ್ದಳು. ಬಲಗೈಯ ಗ್ಲೌಸನ್ನು ಬೆರಳ ತುದಿಯವರೆಗೆ ಕಳಚಿಕೊಂಡಿದ್ದಳು.

“ಹುರಿದಿದ್ದೀಯಲ್ಲ. ಇನ್ನೇನು ಭಯ? ಒಂದು ಸಲ.”

“ಮುಂದಿನ ರಕ್ತದ ರಿಪೋರ್ಟ್ ಬರಲಿ ಅಕ್ಕ. ಬಿಳಿ ರಕ್ತಕಣದ ನಂಬರ್ ಏರಿದ್ರೆ ನಾನೇ ತೆಗೆದುಕೊಡ್ತೀನಿ.”

ಅವಳು ಗ್ಲೌಸನ್ನು ಮತ್ತೆ ಏರಿಸಿಕೊಂಡಳು. ನಾನು ಮುಚ್ಚಳ ಹಾಕಿ ಸುತ್ತಲೂ ಟೇಪ್ ಅಂಟಿಸಿದೆ.

ಎರಡು ವಾರ ಜರೀಗಿಡ ಹಳದಿಯಾಗುತ್ತಲೇ ಹೋಯಿತು. ಮೂರನೆಯ ವಾರ ನಡುವಿನಿಂದ ಒಂದು ಹಸಿರು ಸುರುಳಿ ಎದ್ದಿತು. ಆಮೇಲೆ ಇನ್ನೊಂದು. ಬೆಳಿಗ್ಗೆ ಎದ್ದರೆ ಗಾಜೆಲ್ಲ ಒಳಗಿನಿಂದ ಬೆವರಿರುತ್ತಿತ್ತು. ಅಕ್ಕ ಸೆರಗಿನಿಂದ ಒರೆಸುವಳು, ಹೋಗುತ್ತಿರಲಿಲ್ಲ. “ಒಳಗಿರೋ ಬೆವರು ಹೊರಗಿಂದ ಒರೆಸಿದ್ರೆ ಹೋಯ್ತದಾ” ಎಂದು ತನಗೆ ತಾನೇ ಬೈದುಕೊಳ್ಳುವಳು. ಹತ್ತು ಗಂಟೆಯ ಹೊತ್ತಿಗೆ ಹನಿ ಇಳಿದು ಒಳಗಿನದೆಲ್ಲ ಕಾಣುವವರೆಗೂ ಅಲ್ಲೇ ಕೂತಿರುವಳು. ಬೆರಳು ಗಾಜಿನ ಮೇಲೆ ಆಡುತ್ತ ಪ್ರತಿ ಸಲ ಆ ಪ್ಯಾಚಿನ ಹತ್ತಿರ ಹೋಗಿ ನಿಲ್ಲುತ್ತಿತ್ತು. ಸಿಲಿಕಾನಿನ ಅಂಚನ್ನು ಉಗುರಿನಿಂದ ಕೆರೆಯುವುದನ್ನು ನಾನು ಎರಡು ಸಲ ನೋಡಿದೆ. ಮೂರನೆಯ ಸಲ ಗಾಜಿನಂಗಡಿಯಿಂದ ಟ್ಯೂಬು ತಂದು ಅದರ ಮೇಲೆ ಇನ್ನೊಂದು ಸುತ್ತು ಅಂಟು ಎಳೆದೆ.

ರಿಪೋರ್ಟ್ ಬಂತು. ನಂಬರ್ ಏರಿತ್ತು. ಎಷ್ಟು ಏರಬೇಕೋ ಅಷ್ಟಲ್ಲ, ಆದರೆ ಏರಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಕಾಗದವನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು.

“ಇನ್ನೊಂದು ರಿಪೋರ್ಟ್ ನೋಡೋಣ” ಎಂದೆ. ಒಂದು ಮೂಲದ ಸುದ್ದಿಯನ್ನು ನಾನು ಯಾವತ್ತೂ ನಂಬಿದವನಲ್ಲ.

“ನೀನು ಹುಟ್ಟಿದಾಗ ಮಡಿಲಾಗೆ ಹಾಕ್ಕೊಂಡೋಳು ನಾನು. ನಿಂಗೆ ನನ್ನ ಮ್ಯಾಲೇ ನಂಬಿಕೆ ಇಲ್ಲ, ನೋಡು” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ಕಾಗದ ಮಡಿಸಿ ಕೊಟ್ಟಳು.

ಇನ್ನೊಂದು ರಿಪೋರ್ಟ್ ಬರಲಿಲ್ಲ. ಮಳೆಗಾಲ ಶುರುವಾದ ವಾರ ಜ್ವರ ಬಂತು, ಮರುದಿನ ಉಸಿರಾಟಕ್ಕೆ ಕಷ್ಟವಾಯಿತು. ಆಸ್ಪತ್ರೆಯಲ್ಲಿ ನಾಲ್ಕು ದಿನ. ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಮೂರನೆಯ ದಿನ ಮಾತು ನಿಂತಿತು. ಅದಕ್ಕೆ ಮುಂಚೆ ಅವಳು ನನ್ನನ್ನು ಕೇಳಿದ ಕೊನೆಯ ಪ್ರಶ್ನೆ, ಹೊಸ ಸುರುಳಿ ಬಿಚ್ಚಿಕೊಂಡಿತೇ ಎಂಬುದು. ಬಿಚ್ಚಿಕೊಂಡಿದೆ ಎಂದೆ. ಎರಡು ದಿನದಿಂದ ಮನೆಗೆ ಹೋಗಿರಲಿಲ್ಲ, ನೋಡಿರಲಿಲ್ಲ. ಖಚಿತಪಡಿಸಿಕೊಳ್ಳದೆ ನಾನು ಹೇಳಿದ ಸುದ್ದಿ ಅದೊಂದೇ ಇರಬೇಕು. ನಾಲ್ಕನೆಯ ದಿನ ಬೆಳಿಗ್ಗೆ ತೀರಿಕೊಂಡಳು.

ಆಮೇಲೆ ನಾನು ವೈದ್ಯೆಯನ್ನು ಕೇಳಿದೆ. ಇದು ಮಣ್ಣಿನಿಂದ ಬಂದದ್ದೇ? ಅಲ್ಲ ಎಂದರು, ಅದು ಬೇರೆ, ಮಳೆಗಾಲದಲ್ಲಿ ಎಲ್ಲರಿಗೂ ಬರುವುದೇ, ಅವರಿಗೆ ತಡೆಯಲಾಗಲಿಲ್ಲ. ಒಂದೇ ಸಲ ಮಣ್ಣು ಮುಟ್ಟಿದ್ದರೆ, ಹುರಿದ ಮಣ್ಣು, ಏನಾಗುತ್ತಿತ್ತು ಎಂದು ಕೇಳಿದೆ.

“ಏನೂ ಆಗದೇ ಇರಬಹುದಿತ್ತು. ಹೇಳೋಕಾಗಲ್ಲ. ಹೇಳೋಕಾಗಲ್ಲ ಅಂತಲೇ ಬೇಡ ಅನ್ನೋದು.”

ಸರಿಯಾದ ಉತ್ತರ. ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಅವಳು ತೀರಿಕೊಂಡ ಬೆಳಿಗ್ಗೆ ಆಸ್ಪತ್ರೆಯ ಕಾರಿಡಾರಿನಿಂದ ಮಾವನಿಗೆ ಫೋನ್ ಮಾಡಿದ್ದೆ. ಮಳೆಯ ಸದ್ದಿಗೆ ಅವರಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ.

“ಮಾವ, ಅಕ್ಕನ ಮಣ್ಣಿಗೆ ಬರಬೇಕು” ಎಂದೆ. ಇಷ್ಟು ವರ್ಷ ತಿದ್ದಿದ ಪದ ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ. ಬಾಯಿಗೆ ಬಂದದ್ದು ಇದೇ.

ಮಾವ ನಕ್ಕರು. “ಈ ಸಲ ಯಾವ ಹೊಲದ್ದಪ್ಪಾ? ಸಾಲಲಿಲ್ವಂತಾ ಅವಳಿಗೆ? ಈ ಮುದುಕನ್ನ ಮತ್ತೆ ಮೂರು ಬಸ್ ಹತ್ತಿಸಬ್ಯಾಡಿ ಕಣ್ರೋ.”

ಅವರು ಇನ್ನೂ ಏನೋ ತಮಾಷೆ ಮಾಡುತ್ತಿದ್ದರು, ಗುಂಡಿ, ಹಾರ, ಫಾಲ್ ಎಂದು. ನಡುವೆ ಒಮ್ಮೆ ನಿಂತರು.

“ಲೋ.”

“ಮಾವ.”

“ನಿಜವೇನೋ?”

“ನಿಜ.”

“ಅವಳ ಕೈಗೆ ಫೋನ್ ಕೊಡು” ಎಂದರು.

ಮಾವ ಎರಡನೆಯ ಸಲ ಸೀರೆ ತರಲಿಲ್ಲ. ತಂದದ್ದು ಇತ್ತು. ನನ್ನ ಹೆಂಡತಿ ಅದನ್ನು ಬೀರುವಿನಿಂದ ತೆಗೆದು ಇಸ್ತ್ರಿ ಮಾಡಿದಳು. ಫಾಲಿನ ಒಂದು ಕಡೆ ಹೊಲಿಗೆ ಬಿಟ್ಟಿತ್ತು, ಅದನ್ನು ಕೂತು ಹಾಕಿದಳು.

ಜಾಗವನ್ನು ಮಾವನೇ ತೋರಿಸಿದರು. ಹೊಂಗೆ ಮರಕ್ಕೂ ಭಾವನ ಸಮಾಧಿಗೂ ನಡುವೆ. ಮಳೆ ನಿಂತಿತ್ತು. ಜೆಸಿಬಿ ಬಂದು ಅಗೆದಿತ್ತು, ಮಣ್ಣನ್ನು ಎರಡೂ ಕಡೆ ರಾಶಿ ಹಾಕಿತ್ತು. ನಾನು ಎರಡು ಚೀಲ ತುಂಬಿಕೊಂಡು ಹೋದ ಗುಂಡಿಯನ್ನು ಮಾವ ಆವತ್ತು ಮುಚ್ಚಿರಲಿಲ್ಲ. ಅದರಲ್ಲಿ ಹೊಂಗೆ ಎಲೆ ಬಿದ್ದು ನೀರು ನಿಂತಿತ್ತು.

ಮೂರು ಹಿಡಿ ಹಾಕಬೇಕು. ತಮ್ಮ ಮೊದಲು. ನಾನು ಬಗ್ಗಿ ಒಂದು ಹಿಡಿ ತೆಗೆದುಕೊಂಡೆ. ಹಸಿ ಮಣ್ಣು, ತಣ್ಣಗಿತ್ತು. ಒಂದು ಎರೆಹುಳ ಬೆರಳಿನ ಸಂದಿನಿಂದ ಜಾರಿ ರಾಶಿಗೆ ಮರಳಿತು. ಕೈ ತಾನಾಗಿಯೇ ಮುಷ್ಟಿಯಾಯಿತು. ಬಿಗಿದೆ. ತೆರೆದೆ. ಉಂಡೆಯಾಗಿತ್ತು. ಕೆಳಗೆ ಹಸಿರು ಸೀರೆಯ ಮೇಲೆ ಅವಳ ಕೈಗಳನ್ನು ಜೋಡಿಸಿ ಇಟ್ಟಿದ್ದರು. ನಾನು ಉಂಡೆಯನ್ನು ಹಿಡಿದುಕೊಂಡು ನಿಂತೆ.

“ಹಾಕಪ್ಪಾ” ಎಂದರು ಮಾವ ಪಕ್ಕದಿಂದ. “ಹಿಂದೆ ಜನ ನಿಂತವ್ರೆ.”

ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಅದು ಅವಳ ಕೈಯ ಮೇಲೆ ಉದುರಿತು.